ಥೀಸಿಸ್‌ನಲ್ಲಿ ಸಮೀಕರಣದ ನಂಬರ್ ತಾನಾಗೇ ಬರುವ ಹಾಗೆ ಮಾಡುವುದು ಹೇಗೆ?

ಚಿಂತಾಮಣಿ ಕಡೆಯವನು:
ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಮೇಲೆ ಥೀಸಿಸ್ ಬರೆಯುತ್ತಿದ್ದೇನೆ, ಕಮಾಂಡ್ ಬರೆದು ಪುಟ ಕಟ್ಟುವ ಸಾಫ್ಟ್‌ವೇರ್ ಆದ ಲೇಟೆಕ್‌ನಲ್ಲಿ. ಸೀನಿಯರ್ ಒಬ್ಬರ ಹಳೇ ಫೈಲ್ ಇಸ್ಕೊಂಡು ಅದರ ಮೇಲೇ ಕಟ್ಟಿದ್ದು. ಅವರು ಪ್ರತಿ ಸಮೀಕರಣಕ್ಕೂ ಟ್ಯಾಗ್ ಹಾಕಿ ನಂಬರ್ ಕೈಯಲ್ಲೇ ಬರೆದಿದ್ದರು. ನಾನೂ ಸುಮ್ನೆ ಹಾಗೇ ಮಾಡಿದೆ. ಈಗ 47 ಆಗಿವೆ.

ನಿನ್ನೆ ಗೈಡ್ ಮೂರನೇ ಅಧ್ಯಾಯ ನೋಡಿ, "ಥೀಸ್ ಸಮೀಕರಣಕ್ಕೆ ಮುಂಚೆ ಡಾರ್ಸಿ ನಿಯಮ ಬರಬೇಕಲ್ವಾ?" ಎಂದರು. ಬರಬೇಕು, ನಿಜ. ಎರಡೂ ಅಂತರ್ಜಲದ ಹರಿವಿನ ಸೂತ್ರಗಳೇ. ಡಾರ್ಸಿ 1856, ಥೀಸ್ 1935. ಆದರೆ ಅದೊಂದನ್ನು ಸೇರಿಸಿದರೆ (3.2)ರಿಂದ (3.19)ರವರೆಗೆ ಎಲ್ಲವೂ ಒಂದೊಂದು ಮುಂದೆ ಹೋಗಬೇಕು. "ಸಮೀಕರಣ (3.7) ನೋಡಿ" ಅಂತ ಎಲ್ಲೆಲ್ಲಿ ಬರೆದಿದ್ದೇನೋ ದೇವರಿಗೇ ಗೊತ್ತು. ರಾತ್ರಿಯೆಲ್ಲ ಕೂತು ತಿದ್ದಿದೆ. ಬೆಳಿಗ್ಗೆ ನೋಡಿದರೆ (3.11) ಎರಡಿವೆ! ಮುಂದಿನ ವಾರ ಬೈಂಡಿಂಗ್‌ಗೆ ಕೊಡಬೇಕು.

ಹಳೇ ಡಿಟಿಪಿ:
ರಾತ್ರಿ ತಿದ್ದಿದ ಫೈಲ್ ಪಕ್ಕಕ್ಕಿಡಿ. ಅದಕ್ಕೂ ಹಿಂದಿನ ಪ್ರತಿ ಇದೆ ಅಲ್ವಾ? ಅದನ್ನು ತೆಗೆಯಿರಿ. ಅದರಲ್ಲಿ ನಂಬರ್‌ಗಳು ಇನ್ನೂ ಕಲಸಿಹೋಗಿಲ್ಲ.

ಮೊದಲು "ಇಕ್ವೇಶನ್" ಪಕ್ಕದ ನಕ್ಷತ್ರ ಚಿಹ್ನೆಯನ್ನು (*) ಫೈಂಡ್-ರಿಪ್ಲೇಸ್‌ನಲ್ಲಿ ಒಂದೇ ಏಟಿಗೆ ಕಿತ್ತುಹಾಕಿ. ನಕ್ಷತ್ರ ಇದ್ದರೆ ಲೇಟೆಕ್ ಎಣಿಸುವುದಿಲ್ಲ. ಆಮೇಲೆ "ಟ್ಯಾಗ್" ಇರುವ ಕಡೆಯೆಲ್ಲ "ಲೇಬಲ್" ಎಂದು ಮಾಡಿ. ಈಗ 3.7 ಅನ್ನುವುದು ಆ ಸಮೀಕರಣಕ್ಕೆ ನೀವಿಟ್ಟ ಹೆಸರು ಅಷ್ಟೇ. ನಂಬರನ್ನು ಲೇಟೆಕ್ಕೇ ಎಣಿಸಿ ಹಾಕುತ್ತದೆ. ಫೈಲಿನ ಮಾದರಿ (ಕ್ಲಾಸ್) ರಿಪೋರ್ಟ್ ಅಥವಾ ಬುಕ್ ಆದರೆ ಅಧ್ಯಾಯದ ಅಂಕಿಯೂ ಮುಂದೆ ಬರುತ್ತದೆ. ಹೊಸದಕ್ಕೆ "ಡಾರ್ಸಿ" ಅಂತಲೇ ಹೆಸರಿಡಿ.

ಇನ್ನು ವಾಕ್ಯಗಳ ನಡುವೆ (3.7) ಎಂದಿರುವ ಕಡೆ ಬ್ಯಾಕ್‌ಸ್ಲ್ಯಾಶ್ ಈಕ್ಯೂರೆಫ್ (ಸಮೀಕರಣದ ನಂಬರ್ ತರುವ ಕಮಾಂಡ್) ಹಾಕಿ, ಹೂ ಕಂಸದೊಳಗೆ 3.7 ಬರೆಯಿರಿ. ದುಂಡು ಕಂಸ ಅದೇ ಹಾಕುತ್ತದೆ. ಇಲ್ಲಿ ಮಾತ್ರ ಒಂದೇ ಏಟಿಗೆ ಮಾಡಬೇಡಿ, ಒಂದೊಂದೇ ಓದಿ ಬದಲಿಸಿ. ನಿಮ್ಮದು ಫ್ಲೋರೈಡ್ ವಿಷಯ. ಲೀಟರಿಗೆ 1.5 ಮಿಲಿಗ್ರಾಂ ಅನ್ನುವ ಮಿತಿಯನ್ನು ಎಲ್ಲೋ ಕಂಸದಲ್ಲಿ ಬರೆದಿರುತ್ತೀರಿ. ಅದೂ ಸಮೀಕರಣ ಆಗಿಬಿಟ್ಟೀತು!

ಚಿಂತಾಮಣಿ ಕಡೆಯವನು:
ಮಾಡಿದೆ ಸಾರ್. ಎಲ್ಲ ಕಡೆ ಎರಡೆರಡು ಪ್ರಶ್ನೆ ಚಿಹ್ನೆ ಬಂದಿದೆ. ಎದೆ ಧಸಕ್ ಅಂತು.

ತುಮಕೂರು ಮೇಡಂ:
ಇನ್ನೊಂದು ಸಲ ರನ್ ಮಾಡಿ. ಮೊದಲ ಸಲ ನಂಬರ್‌ಗಳನ್ನು ತಾನೇ ಮಾಡಿಕೊಳ್ಳುವ ಆಕ್ಸ್ ಎಂಬ ಪಕ್ಕದ ಫೈಲಿಗೆ ಬರೆದಿಡುತ್ತದೆ, ಎರಡನೇ ಸಲ ಅದನ್ನು ಓದಿ ತುಂಬುತ್ತದೆ. ನಮ್ಮ ವಿದ್ಯಾರ್ಥಿಗಳೂ ಪ್ರತಿ ವರ್ಷ ಇಲ್ಲೇ ಹೆದರುವುದು.

ಚಿಂತಾಮಣಿ ಕಡೆಯವನು:
ಬಂತು ಮೇಡಂ! ಆದರೆ ಡಾರ್ಸಿ ಒಂದು ಮಾತ್ರ ಹಟ ಮಾಡುತ್ತಿದೆ. ಸಮೀಕರಣದ ಪಕ್ಕ (3.2) ಇದೆ, ವಾಕ್ಯದಲ್ಲಿ (3.1) ಅಂತ ಬರುತ್ತದೆ.

ತುಮಕೂರು ಮೇಡಂ:
ಆ ಲೇಬಲ್ಲನ್ನು ಸಮೀಕರಣ ಮುಗಿಸುವ "ಎಂಡ್" ಆದಮೇಲೆ ಬರೆದಿದ್ದೀರಿ. ಹೊರಗೆ ಬಿದ್ದರೆ ಅದು ಸೆಕ್ಷನ್ ನಂಬರ್ ಹಿಡಿಯುತ್ತದೆ. ನಿಮ್ಮದು ಸೆಕ್ಷನ್ 3.1 ಇರಬೇಕು. ಲೇಬಲ್ ಒಳಗೆ ಹಾಕಿ.

ಚಿಂತಾಮಣಿ ಕಡೆಯವನು:
ಹೌದು, 3.1ರಲ್ಲೇ ಇತ್ತು. ಒಳಗೆ ಹಾಕಿದೆ, ಸರಿಹೋಯಿತು. ಡಿಟಿಪಿ ಸಾರ್, ಕಂಸದೊಳಗಿನ 1.5 ಎರಡು ಕಡೆ ಸಿಕ್ಕಿತು. ಮುಟ್ಟಲಿಲ್ಲ.