ಸಹಾಯ ಬೇಕು: ಟವೆಲ್ ಘಟಕಗಳ ನಡುವಿನ ಸಹಕಾರ ಅಳೆಯುವುದು ಹೇಗೆ?

ನಮಸ್ಕಾರ. ಸೋಲಾಪುರದಲ್ಲಿ ಎಂಬಿಎ ಓದುತ್ತಿದ್ದೇನೆ. ಇಲ್ಲಿ ಟವೆಲ್, ಚಾದರ ನೇಯುವ 30 ಘಟಕಗಳವರು ಒಬ್ಬರಿಗೊಬ್ಬರು ಎಷ್ಟು ಸಹಕರಿಸುತ್ತಾರೆ ಅನ್ನುವುದು ನನ್ನ ಪ್ರಾಜೆಕ್ಟ್.

ಮಾಲೀಕರನ್ನು ಕೇಳಿದರೆ "ನಾವೆಲ್ಲ ಅಣ್ಣ ತಮ್ಮಂದಿರ ಹಾಗೆ" ಅಂತಾರೆ. ಇದರಿಂದ ಏನು ಅಳೆಯೋದು? ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಬ್ಬ ಕಾಕಾ ಮಾತ್ರ ತಮ್ಮ ಲೆಕ್ಕದ ವಹಿ ತೆಗೆದು ತೋರಿಸಿದರು. ಯಾರಿಗೆ ಎಷ್ಟು ಚೀಲ ನೂಲು ಕೈಗಡ ಕೊಟ್ಟರು, ಯಾವಾಗ ವಾಪಸ್ ಬಂತು, ಎಲ್ಲ ಪೆನ್ಸಿಲಿನಲ್ಲಿ. ಕೆಲವು ಹೆಸರುಗಳ ಮೇಲೆ ಕಾಟು ಹೊಡೆದಿದ್ದರು, ಕಾರಣ ಕೇಳಿದರೆ ನಕ್ಕರು!

ಅದಕ್ಕೇ ಈಗ ನೇರವಾಗಿ ಕೇಳುತ್ತಿದ್ದೇನೆ: ಕಳೆದ ವರ್ಷ ಯಾರಿಗೆ ನೂಲು ಕೊಟ್ರಿ, ದೊಡ್ಡ ಆರ್ಡರ್ ಯಾರ ಜೊತೆ ಹಂಚಿಕೊಂಡ್ರಿ? ಉತ್ತರಗಳಿಂದ ಜಾಲದ ನಕ್ಷೆ ಹಾಕುತ್ತೇನೆ. 30 ಘಟಕ ಅಂದರೆ 435 ಜೋಡಿ. ಅದರಲ್ಲಿ ಎಷ್ಟು ಪಾಲು ಜೋಡಿಗಳಿಗೆ ನಿಜವಾದ ನಂಟಿದೆ ಅನ್ನೋದೇ ಜಾಲದ ಸಾಂದ್ರತೆ.

ತೊಡಕು ಇಲ್ಲಿದೆ. ಒಬ್ಬರು "ಅವರಿಗೆ ಕೊಟ್ಟೆ" ಅಂತಾರೆ, ಆ ಇನ್ನೊಬ್ಬರು ಇವರ ಹೆಸರೇ ಎತ್ತಲ್ಲ. ಅದನ್ನು ನಂಟು ಅಂತ ಎಣಿಸಬೇಕಾ? ಮಾವ ಅಳಿಯಂದಿರ ಘಟಕಗಳೂ ಇವೆ, ಅವರ ಕೊಡುಕೊಳ್ಳುವಿಕೆಯನ್ನೂ ಎಣಿಸಬೇಕಾ? ಇನ್ನು ದುಡ್ಡು ಕೊಟ್ಟು ಬಣ್ಣ ಹಾಕಿಸುವ ಜಾಬ್‌ವರ್ಕ್ ಬರೀ ವ್ಯಾಪಾರ ಅಲ್ವಾ? ಒಂದೇ ಊರಲ್ಲಿರುವುದರಿಂದ ತಾನಾಗಿ ಸಿಗುವ ಲಾಭವನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಹೇಳಿದ್ದಾರೆ. ನನಗೆ ಬೇಕಿರೋದು ಬೇಕೆಂದೇ ಕೂಡಿ ಮಾಡಿದ ಕೆಲಸ.

ಇಚಲಕರಂಜಿಯ ಮಗ್ಗಗಳಲ್ಲೋ ಬೆಳಗಾವಿಯ ಫೌಂಡ್ರಿಗಳಲ್ಲೋ ಇಂಥ ಸಮೀಕ್ಷೆ ಮಾಡಿದವರಿದ್ದರೆ ನಿಮ್ಮ ಪ್ರಶ್ನಾವಳಿ ಕಳಿಸ್ತೀರಾ? ಮರಾಠಿಯಲ್ಲಿದ್ದರೂ ನಡೆಯುತ್ತದೆ.