ಅಪ್‌ಡೇಟ್: ಈಟಿ ಎಸೆಯುವ ಯೋಧೆಯ ಭಂಗಿಗೆ ಫೋಟೋ ತೆಗೆದಾಯಿತು

ರೆಕ್ಕೆಯುಳ್ಳ ಯೋಧೆಯೊಬ್ಬಳು ಬಂಡೆಯ ಮೇಲಿಂದ ಈಟಿ ಎಸೆಯುವ ಚಿತ್ರಕ್ಕಾಗಿ ಭಂಗಿಯ ಫೋಟೋಗಳನ್ನು ಹೇಗೆ ತೆಗೆಯಬೇಕೆಂದು ಕೇಳಿದ್ದೆ. ಮೊದಲು ಸಣ್ಣ ಕರಡು ಚಿತ್ರಗಳನ್ನು ಬರೆದು, ಬೆಳಕಿನ ದಿಕ್ಕನ್ನೂ ಕ್ಯಾಮೆರಾದ ಎತ್ತರವನ್ನೂ ಅದರಲ್ಲೇ ನಿರ್ಧರಿಸಿಕೊಳ್ಳಿ ಎಂದು ತಿಳಿಸಿದವರಿಗೆಲ್ಲ ನಾನು ಕೃತಜ್ಞಳು. ಆ ಸಲಹೆಯಂತೆಯೇ ತಂಗಿಯನ್ನು ನಿಲ್ಲಿಸಿ ಫೋಟೋ ತೆಗೆದೆ.

ಉಳಿದ ದೀಪಗಳನ್ನೆಲ್ಲ ಆರಿಸಿ ಒಂದೇ ಕಿಟಕಿಯ ಬೆಳಕನ್ನು ಬಳಸಿದ್ದರಿಂದ ಕತ್ತು ಮತ್ತು ಹೆಗಲಿನ ನೆರಳುಗಳು ಸ್ಪಷ್ಟವಾಗಿ ಮೂಡಿವೆ. ಹತ್ತಿರದಿಂದ ವೈಡ್ ಆ್ಯಂಗಲ್‌ನಲ್ಲಿ ತೆಗೆದರೆ ಮುಂದೆ ಚಾಚಿದ ಕೈ ತಲೆಗಿಂತ ದೊಡ್ಡದಾಗಿ ಕಾಣುವುದರಿಂದ 85 ಎಂಎಂ ಲೆನ್ಸ್ ಹಾಕಿ, ದೂರದಿಂದ, ಮೊಣಕಾಲಿನ ಎತ್ತರದಲ್ಲಿ ತೆಗೆದೆ.

ಎಲ್ಲಕ್ಕಿಂತ ಹೆಚ್ಚು ಪ್ರಯೋಜನವಾದದ್ದು ಈಟಿಯ ಬದಲು ಭಾರವಾದ ಬಿದಿರಿನ ಗಳವನ್ನು ಕೊಟ್ಟದ್ದು. ಹಗುರವಾದ ಕೋಲು ಹಿಡಿದಾಗ ಅವಳ ಮೈ ನೆಟ್ಟಗೇ ಇತ್ತು; ಗಳವನ್ನು ಎತ್ತಿದೊಡನೆ ಭಾರವೆಲ್ಲ ಹಿಂಗಾಲಿಗೆ ಇಳಿದು, ಸೊಂಟ ಒಂದು ಕಡೆಗೂ ಹೆಗಲು ಇನ್ನೊಂದು ಕಡೆಗೂ ತಿರುಗಿ, ಮುಂಗೈಯ ನರಗಳು ಉಬ್ಬಿದವು. ಇಂಥದ್ದನ್ನು ಊಹೆಯಿಂದ ಬರೆಯಲು ನನ್ನಿಂದ ಖಂಡಿತ ಸಾಧ್ಯವಾಗುತ್ತಿರಲಿಲ್ಲ. ಮೇಲಂಗಿಗೆ ಹಳೆಯ ರೇಷ್ಮೆ ಸೀರೆಗಿಂತ ದಪ್ಪ ಹತ್ತಿಯ ಹೊದಿಕೆಯೇ ಚೆನ್ನಾಗಿ ಮಡಿಕೆ ಬಿತ್ತು.

ರೆಕ್ಕೆಗಳಿಗೆ ಗರುಡ ಪಕ್ಷಿಯ ಹಾರಾಟವನ್ನು ನೋಡಿ ಅಭ್ಯಾಸಚಿತ್ರ ಬರೆಯುತ್ತಿದ್ದೇನೆ. ಅವುಗಳ ಬುಡವನ್ನು ಹೆಗಲಮೂಳೆಗೆ ಕೂಡಿಸುವ ಕೆಲಸ ಇನ್ನೂ ಬಾಕಿ ಇದೆ.