ಅಕ್ಕನ ಪ್ರಯಾಣ ಹನ್ನೊಂದೂವರೆ ಗಂಟೆಯಲ್ಲ

ಅಕ್ಕಾ, ನೀನು ಗುಂಪಿಗೆ ಹಾಕಿದ ಟಿಕೆಟ್ ನೋಡಿದೆ. ಪುಟ್ಟಿಯ ಬಾಣಂತನಕ್ಕೆ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಒಬ್ಬಳೇ ಹೊರಟಿದ್ದೀಯೆ. ಸಂತೋಷವಾಯಿತು, ಆದರೆ ಗುಂಪಿನಲ್ಲಿ ನಡೆದಿರುವ ಲೆಕ್ಕ ನೋಡಿ ಸುಮ್ಮನಿರಲು ಆಗಲಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಕೇಳು.

ಗುರುವಾರ ಬೆಳಗಿನ ಜಾವ 3ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 2.30ಕ್ಕೆ ಇಳಿಯುತ್ತಾಳೆ, ಹನ್ನೊಂದೂವರೆ ಗಂಟೆ ತಾನೇ, ಒಂದು ಹೊತ್ತಿನ ಮಾತ್ರೆ ಕೈಚೀಲದಲ್ಲಿದ್ದರೆ ಸಾಕು ಎಂದು ಭಾವನವರು ಹೇಳಿದ್ದಾರೆ. ಭಾವಾ, ಬೇಸರ ಮಾಡಿಕೊಳ್ಳಬೇಡಿ, ಆ 2.30 ಅಲ್ಲಿಯ ಗಡಿಯಾರದ್ದು. ಈ ಜೂನ್ ತಿಂಗಳಲ್ಲಿ ಅದು ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುತ್ತದೆ. ಅಕ್ಕ ಅಲ್ಲಿ ಇಳಿಯುವ ಹೊತ್ತಿಗೆ ಶಿಡ್ಲಘಟ್ಟದಲ್ಲಿ ಶುಕ್ರವಾರ ಬೆಳಗಿನ ಜಾವ 3 ಗಂಟೆ. ಫ್ರಾಂಕ್‌ಫರ್ಟ್‌ವರೆಗೆ ಹತ್ತು ಗಂಟೆ, ಅಲ್ಲಿ ಎರಡೂವರೆ ಗಂಟೆ ಕಾಯುವುದು, ಮುಂದೆ ಹನ್ನೊಂದೂವರೆ. ಒಟ್ಟು ಇಪ್ಪತ್ತನಾಲ್ಕು ಗಂಟೆ. ಸಕ್ಕರೆ ಕಾಯಿಲೆಯವಳು ಒಂದು ಹೊತ್ತಿನ ಮಾತ್ರೆ ನಂಬಿಕೊಂಡು ಹೋಗುವುದೇ?

ಚಿಕ್ಕಪ್ಪನ ಮಗ ಇನ್ನೊಂದು ಲೆಕ್ಕ ಕೊಟ್ಟಿದ್ದಾನೆ: 14,000 ಕಿಲೋಮೀಟರ್, ಗಂಟೆಗೆ 900ರ ವೇಗ, ಹದಿನೈದೂವರೆ ಗಂಟೆ. ದೂರ ಸರಿಯಾಗಿದೆ, ಆದರೆ ಅದು ನೇರ ದಾರಿಯ ದೂರ. ನಿನ್ನೆ ರಾತ್ರಿ ಮಗನ ಗ್ಲೋಬ್ ಇಳಿಸಿ, ಮನೆಯಲ್ಲಿದ್ದ ರೇಷ್ಮೆ ನೂಲಿನ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದೆ. ನೂಲು ತಾನಾಗಿ ಮೇಲಕ್ಕೆ ಜಾರಿತು. ಚೀನಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕಾದ ಮೇಲಿನಿಂದ ಇಳಿಯಿತು. ಯೂರೋಪ್ ಆ ನೂಲಿನ ಹತ್ತಿರಕ್ಕೂ ಬರುವುದಿಲ್ಲ. ಅಕ್ಕನ ದಾರಿಯಲ್ಲಿ ಫ್ರಾಂಕ್‌ಫರ್ಟ್‌ಗೆ ಸುಮಾರು 7,400, ಅಲ್ಲಿಂದ ಇನ್ನೂ 9,150 ಕಿಲೋಮೀಟರ್. ಎರಡೂವರೆ ಸಾವಿರ ಹೆಚ್ಚಾಯಿತು. ಮೇಲಾಗಿ ಪಶ್ಚಿಮಕ್ಕೆ ಹೋಗುವಾಗ ಎತ್ತರದ ಗಾಳಿ ಎದುರಿನಿಂದ ಬೀಸುತ್ತದೆ.

ನಿಲ್ಲದೆ ಹಾರಿದರೂ ಅದು ಸಣ್ಣ ಪ್ರಯಾಣವಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿನಿಂದ ನಮ್ಮ ದೇವನಹಳ್ಳಿಗೇ ಬಂದು ಇಳಿದರಲ್ಲ, ಆಗಲೂ ಸುಮಾರು ಹದಿನೇಳು ಗಂಟೆ ಹಿಡಿಯಿತು. ಆ ಸುದ್ದಿ ಬಂದ ದಿನ ಅಮ್ಮ ಎಷ್ಟು ಹೆಮ್ಮೆಪಟ್ಟಿದ್ದರು, ನೆನಪಿದೆಯೇ?

ಈಗ ನಿನ್ನ ವಿಷಯ. ಕೈಗಡಿಯಾರದ ಮುಳ್ಳನ್ನು ಪುಟ್ಟಿಯ ಮನೆ ಸೇರುವವರೆಗೆ ತಿರುಗಿಸಬೇಡ. ಫ್ರಾಂಕ್‌ಫರ್ಟ್‌ನಿಂದ ಅಲ್ಲಿಯ ಹಗಲು 12ಕ್ಕೆ ಹೊರಟರೆ ಇಳಿಯುವವರೆಗೂ ಹಗಲೇ ಇರುತ್ತದೆ, ಹೊರಗಿನ ಬಿಸಿಲು ನೋಡಿ ರಾತ್ರಿಯ ಮಾತ್ರೆ ಮರೆತುಬಿಡುತ್ತೀಯೆ. ಎಷ್ಟು ಗಂಟೆಗೆ ಯಾವ ಮಾತ್ರೆ ಎಂದು ವೈದ್ಯರಿಂದ ಒಂದು ಚೀಟಿಯಲ್ಲಿ ಬರೆಸಿಕೋ. ಮೂರು ದಿನಕ್ಕಾಗುವಷ್ಟು ಮಾತ್ರೆ ಕೈಚೀಲದಲ್ಲೇ ಇರಲಿ, ಪೆಟ್ಟಿಗೆಯಲ್ಲಿ ಬೇಡ. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡು, ಕಾಲು ಇಳಿಬಿಟ್ಟು ಕೂತರೆ ಊದಿಕೊಳ್ಳುತ್ತದೆ. ಗಾಲಿಕುರ್ಚಿ ಬೇಕೆಂದು ಈಗಲೇ ತಿಳಿಸಲು ಪುಟ್ಟಿಗೆ ಹೇಳು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವಾಗ ದಾರಿ ತೋರಿಸುವವರು ಜೊತೆಗಿರುತ್ತಾರೆ.

ಇನ್ನೊಂದು, ಎಲ್ಲರೂ ಗಮನವಿಡಿ. ಗುರುವಾರ ಬೆಳಗಿನ ಜಾವ 3 ಎಂದರೆ ಮನೆ ಬಿಡುವುದು ಬುಧವಾರ ರಾತ್ರಿ. ಹತ್ತೂವರೆಗೆ ನಾನು ಕಾರು ತಂದು ಬಾಗಿಲಲ್ಲಿ ನಿಲ್ಲಿಸಿರುತ್ತೇನೆ. ಅಷ್ಟರೊಳಗೆ ಊಟ ಮುಗಿಸಿರು ಅಕ್ಕಾ.